ಹಿರಿಯರ ಉಚಿತ ಬಸ್ ಪ್ರಯಾಣ (ಬ್ರಿಟನ್)

ನಿಗದಿತ ವಯಸ್ಸು ದಾಟಿದವರು ಸ್ಥಳೀಯ ಬಸ್ಸುಗಳಲ್ಲಿ ಹಣ ಕೊಡದೆ ಓಡಾಡಲು ಬ್ರಿಟನ್ನಿನಲ್ಲಿರುವ ವ್ಯವಸ್ಥೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಕಡೆ ಇದು ಜಾರಿಯಲ್ಲಿದೆ. ಎಷ್ಟು ವಯಸ್ಸಿಗೆ ಪಾಸು, ಯಾವ ಹೊತ್ತಿನಲ್ಲಿ ಪ್ರಯಾಣ, ಹಣ ತುಂಬುವವರು ಯಾರು ಎಂಬುದು ಮಾತ್ರ ಒಂದೊಂದು ಕಡೆ ಒಂದೊಂದು ತೆರ. ಅಂಗವಿಕಲರಿಗೂ ಇದೇ ಬಗೆಯ ಪಾಸು ಸಿಗುತ್ತದೆ. ಇಂಗ್ಲೆಂಡಿನಲ್ಲಿ ಇದರ ವೆಚ್ಚ ಕೋವಿಡ್ಡಿಗೆ ಮುಂಚೆ ವರ್ಷಕ್ಕೆ ಸುಮಾರು 100 ಕೋಟಿ ಪೌಂಡ್ ಇತ್ತು. ಖರ್ಚಿನ ಬಗ್ಗೆ ತಕರಾರು ಹೆಚ್ಚಾಗಿ ನಡೆದಿರುವುದೂ ಅಲ್ಲಿಯೇ.

ಹಿನ್ನೆಲೆ

ಬಸ್ಸುಗಳನ್ನು ನಗರಪಾಲಿಕೆಗಳೇ ಓಡಿಸುತ್ತಿದ್ದ ಕಾಲದಲ್ಲಿ ಕೆಲವು ಪಾಲಿಕೆಗಳು ತಾವಾಗಿಯೇ ವೃದ್ಧರಿಗೆ ರಿಯಾಯಿತಿ ಕೊಡತೊಡಗಿದ್ದವು. 1950ರ ದಶಕದ ಮೊದಲಲ್ಲಿ ಬರ್ಮಿಂಗ್‌ಹ್ಯಾಂ ಪಾಲಿಕೆ 70 ದಾಟಿದ ಗಂಡಸರಿಗೂ 65 ದಾಟಿದ ಹೆಂಗಸರಿಗೂ ಉಚಿತ ಪ್ರಯಾಣ ಘೋಷಿಸಿದಾಗ ತೆರಿಗೆದಾರನೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ. ಮೇಲ್ಮನವಿ ನ್ಯಾಯಾಲಯವೂ ಅವನ ವಾದವನ್ನೇ ಎತ್ತಿಹಿಡಿಯಿತು: ಪಾಲಿಕೆ ಜನರ ತೆರಿಗೆ ಹಣವನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿರುವ ಸಂಸ್ಥೆ, ತನಗೆ ಮೆಚ್ಚುಗೆಯಾದ ಒಂದು ವರ್ಗಕ್ಕೆ ಅದನ್ನು ದಾನ ಮಾಡುವ ಅಧಿಕಾರ ಅದಕ್ಕಿಲ್ಲ. ತೀರ್ಪಿನಿಂದ ಆಗಲೇ ನಡೆಯುತ್ತಿದ್ದ ರಿಯಾಯಿತಿಗಳಿಗೆಲ್ಲ ಕುತ್ತು ಬಂದಿತು. ಅವನ್ನು ಉಳಿಸಲು ಸಂಸತ್ತು 1955ರಲ್ಲಿ ಕಾನೂನು ಮಾಡಬೇಕಾಯಿತು. ಯಾರ ಹಣ, ಯಾರಿಗೆ ಎಂದು ಆ ಮೊಕದ್ದಮೆ ಎತ್ತಿದ ಪ್ರಶ್ನೆ ಎಪ್ಪತ್ತು ವರ್ಷಗಳಾದರೂ ಹಳತಾಗಿಲ್ಲ.

ಲಂಡನ್ನಿನಲ್ಲಿ ಹಿರಿಯರ ಉಚಿತ ಪಾಸು 1973ರಿಂದ ಇದೆ. ಉಳಿದೆಡೆ ರಿಯಾಯಿತಿ ಆಯಾ ಊರಿನ ಕೌನ್ಸಿಲ್ಲಿನ ಮರ್ಜಿಗೆ ಬಿಟ್ಟದ್ದಾಗಿತ್ತು. 1985ರ ಸಾರಿಗೆ ಕಾಯಿದೆಯ ಪ್ರಕಾರ ಮರುವರ್ಷ ಲಂಡನ್ ಹೊರಗಿನ ಬಸ್ಸುಗಳು ನಿಯಂತ್ರಣದಿಂದ ಮುಕ್ತವಾದವು. ಲಾಭ ಕಂಡ ಮಾರ್ಗದಲ್ಲಿ ಖಾಸಗಿ ಕಂಪನಿ ತನ್ನ ಇಚ್ಛೆಯಂತೆ ಬಸ್ಸು ಬಿಡಬಹುದು. ಲಾಭವಿಲ್ಲದ ಕಡೆ ಬಸ್ಸು ಬೇಕೆಂದರೆ ಕೌನ್ಸಿಲ್ ಹಣ ಕೊಟ್ಟು ಓಡಿಸಬೇಕು. ಮುಂದಿನ ಸಮಸ್ಯೆಯ ಬೇರು ಇಲ್ಲಿದೆ.

2001ರಲ್ಲಿ ಅರ್ಧ ದರ ಕಾನೂನಿನ ಕನಿಷ್ಠ ಹಕ್ಕಾಯಿತು. ಅಲ್ಲಿಯವರೆಗೆ ಗಂಡಸರಿಗೆ 65, ಹೆಂಗಸರಿಗೆ 60 ಎಂದಿದ್ದ ವಯೋಮಿತಿಯನ್ನು 2002ರ ಕಾಯಿದೆ ಇಬ್ಬರಿಗೂ 60ಕ್ಕೆ ತಂದಿತು. 2005ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಉಚಿತ ಪ್ರಯಾಣ ಪ್ರಕಟಿಸಿದರು. 2006ರ ಏಪ್ರಿಲ್‌ನಿಂದ ಅದು ಸ್ವಂತ ಊರಿನ ವ್ಯಾಪ್ತಿಯಲ್ಲೂ, 2008ರ ಏಪ್ರಿಲ್ 1ರಿಂದ ಇಡೀ ಇಂಗ್ಲೆಂಡಿನಲ್ಲೂ ಜಾರಿಗೆ ಬಂದಿತು. ವಾರದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 11ರವರೆಗೆ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಇಡೀ ದಿನ ಪಾಸು ನಡೆಯುತ್ತದೆ. ಆಸ್ಪತ್ರೆಯಲ್ಲಿ ಒಂಬತ್ತು ಗಂಟೆಗೆ ವೈದ್ಯರನ್ನು ಕಾಣಬೇಕಾದವರು ಮಾತ್ರ ಟಿಕೆಟ್ ಕೊಳ್ಳಬೇಕು, ಇಲ್ಲವೆ ಅವರ ಕೌನ್ಸಿಲ್ ತನ್ನ ಕೈಯಿಂದ ಖರ್ಚು ಹಾಕಿ ಈ ಮಿತಿಯನ್ನು ಸಡಿಲಿಸಿರಬೇಕು.

ವೆಚ್ಚದ ಲೆಕ್ಕ

ಹಿರಿಯರು ಪಾಸು ತೋರಿಸಿ ಹತ್ತಿದಾಗ ಬಸ್ ಕಂಪನಿಗೆ ಕೌನ್ಸಿಲ್ ಎಷ್ಟು ಕೊಡಬೇಕು? ಪೂರ್ತಿ ಟಿಕೆಟ್ ದರ ಎಂದು ಯಾರಿಗಾದರೂ ತೋಚುತ್ತದೆ; ಕಾನೂನು ಹಾಗೆ ಹೇಳುವುದಿಲ್ಲ. ಯೋಜನೆಯಿಂದ ಕಂಪನಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು ಎಂಬುದು ಅಲ್ಲಿನ ಸೂತ್ರ. ಪಾಸು ಇಲ್ಲದಿದ್ದರೂ ಹಣ ಕೊಟ್ಟು ಬಂದೇ ಬರುತ್ತಿದ್ದವರ ದುಡ್ಡು ಕಂಪನಿಗೆ ತಪ್ಪಿದ ವರಮಾನ. ಪಾಸು ಇದೆ ಎಂಬ ಕಾರಣಕ್ಕೇ ಹೊರಟವರಿಂದ ಅದಕ್ಕೆ ಏನೂ ತಪ್ಪಿಲ್ಲ. ಅವರಿಗಾಗಿ ಹೆಚ್ಚು ಬಸ್ಸು, ಹೆಚ್ಚು ಡೀಸೆಲ್ ಬೇಕಾಗಿದ್ದರೆ ಆ ಖರ್ಚು ಮಾತ್ರ ಸಿಗುತ್ತದೆ. ದರ 2 ಪೌಂಡ್ ಇರುವ ಮಾರ್ಗದಲ್ಲಿ ನೂರು ಜನ ಪಾಸಿನ ಮೇಲೆ ಹೋದರು, ಅವರಲ್ಲಿ ಐವತ್ತು ಜನ ದುಡ್ಡು ಕೊಟ್ಟೂ ಬರುತ್ತಿದ್ದರು ಎಂದುಕೊಳ್ಳೋಣ. ಕಂಪನಿಗೆ ಸಲ್ಲುವುದು 200 ಪೌಂಡ್ ಅಲ್ಲ, 100 ಪೌಂಡ್ ಮತ್ತು ಅಷ್ಟಿಷ್ಟು ಹೆಚ್ಚುವರಿ ವೆಚ್ಚ.

ಆ ಐವತ್ತು ಜನ ಯಾರು ಎಂದು ಬಸ್ಸಿನೊಳಗೆ ನಿಂತು ಎಣಿಸಲು ಬರುವುದಿಲ್ಲ. ನಡೆಯದೇ ಹೋದ ಒಂದು ಪ್ರಪಂಚವನ್ನು ಊಹಿಸಿ ಅದರ ವರಮಾನ ಲೆಕ್ಕ ಹಾಕಬೇಕು. ಇದಕ್ಕಾಗಿ ಸಾರಿಗೆ ಇಲಾಖೆ ಲೀಡ್ಸ್ ವಿಶ್ವವಿದ್ಯಾಲಯದ ತಜ್ಞರ ಸಂಶೋಧನೆಯನ್ನು ಆಧರಿಸಿ ಲೆಕ್ಕದ ಮಾದರಿಯೊಂದನ್ನು ರೂಪಿಸಿ ಕೌನ್ಸಿಲ್ಲುಗಳಿಗೆ ಕೊಟ್ಟಿದೆ. ಕೊಟ್ಟದ್ದು ಸಾಲದು ಎನಿಸಿದ ಕಂಪನಿ ಸಚಿವರಿಗೆ ಮೇಲ್ಮನವಿ ಸಲ್ಲಿಸಬಹುದು, ಸಲ್ಲಿಸಿದವೂ ಕಡಿಮೆಯೇನಿಲ್ಲ. ಹೀಗಾಗಿ 100 ಕೋಟಿ ಪೌಂಡ್ ಎಂಬ ಮೊತ್ತವನ್ನು ಹಿರಿಯರು ಮಾಡಿದ ಪ್ರಯಾಣದ ಬೆಲೆ ಎಂದು ಓದುವುದು ತಪ್ಪು. ಅದರಲ್ಲಿ ಬಹುಭಾಗ ಅವರು ಹೇಗೂ ಕೊಡುತ್ತಿದ್ದ ಹಣಕ್ಕೆ ಬದಲಿಯಾಗಿ ಬಂದದ್ದು. ಪಾಸು ರದ್ದಾದರೆ ಬೊಕ್ಕಸಕ್ಕೆ ಉಳಿಯುವ ಹಣದ ಬಹುಪಾಲು ಹಿರಿಯರ ಜೇಬಿನಿಂದಲೇ ಬರಬೇಕು. ಈ ಮಾತು ರಾಜಕೀಯ ಚರ್ಚೆಯಲ್ಲಿ ಕೇಳಿಬರುವುದು ಅಪರೂಪ.

ಬಸ್ಸು ಹತ್ತಿದ ಊರಿನ ಕೌನ್ಸಿಲ್ಲೇ ಹಣ ಕೊಡಬೇಕು, ಪ್ರಯಾಣಿಕರ ಸ್ವಂತ ಊರಿನದಲ್ಲ ಎಂಬ ನಿಯಮ 2008ರಲ್ಲಿ ಇನ್ನೊಂದು ಪೇಚು ತಂದಿತು. ಹಿರಿಯರು ಗುಂಪುಗುಂಪಾಗಿ ಹೋಗಿಬರುವ ಕಡಲತೀರದ ಸಣ್ಣ ಊರುಗಳಿಗೆ, ಸುತ್ತಲಿನವರೆಲ್ಲ ಪೇಟೆಗೆ ಬರುವ ನಗರಗಳಿಗೆ ತಮ್ಮವರಲ್ಲದವರ ಮರುಪ್ರಯಾಣದ ಬಿಲ್ಲೂ ಬಿದ್ದಿತು. ಸರ್ಕಾರ 2008–09ಕ್ಕೆ 21.2 ಕೋಟಿ ಪೌಂಡ್ ವಿಶೇಷ ಅನುದಾನ ಕೊಟ್ಟರೂ ಹಂಚಿಕೆ ಸರಿಹೋಗಲಿಲ್ಲ. ಕೆಲವರಿಗೆ ಮಿಕ್ಕಿತು, ಕೆಲವರಿಗೆ ಸಾಲಲಿಲ್ಲ. 2011ರಲ್ಲಿ ಹೊಣೆಯನ್ನು ಜಿಲ್ಲಾ ಕೌನ್ಸಿಲ್ಲುಗಳಿಂದ ದೊಡ್ಡ ಕೌಂಟಿ ಕೌನ್ಸಿಲ್ಲುಗಳಿಗೆ ವರ್ಗಾಯಿಸಿ, ಅನುದಾನವನ್ನು ಸಾಮಾನ್ಯ ನಿಧಿಯೊಳಗೆ ಸೇರಿಸಲಾಯಿತು. ಅಲ್ಲಿಂದ ಮುಂದೆ ಬಸ್ ಪಾಸಿಗೆಂದು ಕೇಂದ್ರ ಎಷ್ಟು ಕೊಡುತ್ತಿದೆ ಎಂದು ಬೆರಳಿಟ್ಟು ತೋರಿಸುವುದೇ ಕಷ್ಟವಾಯಿತು.

ಪಾಸು ಉಳಿದು ಬಸ್ಸು ಹೋದದ್ದು

2010ರ ನಂತರ ಕೌನ್ಸಿಲ್ಲುಗಳ ಅನುದಾನಕ್ಕೆ ಭಾರಿ ಕತ್ತರಿ ಬಿದ್ದಿತು. ಪಾಸಿನ ಹಣ ಕಾನೂನಿನ ಕಟ್ಟಳೆ, ಅದನ್ನು ಮುಟ್ಟುವಂತಿಲ್ಲ. ಲಾಭವಿಲ್ಲದ ಮಾರ್ಗಗಳಿಗೆ ಕೊಡುತ್ತಿದ್ದ ಹಣಕ್ಕೆ ಅಂಥ ಕಾವಲಿಲ್ಲ. ಎಲ್ಲಿ ಕಡಿಯಬಹುದಿತ್ತೋ ಅಲ್ಲೇ ಕಡಿದರು. ಸಂಜೆಯ ಬಸ್ಸು, ಭಾನುವಾರದ ಬಸ್ಸು, ಹಳ್ಳಿಗೆ ದಿನಕ್ಕೆರಡು ಸಲ ಬರುತ್ತಿದ್ದ ಬಸ್ಸು ನಿಂತುಹೋದವು. ಆ ದಶಕದಲ್ಲಿ ಹೀಗೆ ನಿಂತ ಅಥವಾ ಮೊಟಕಾದ ಮಾರ್ಗಗಳು ಸಾವಿರಗಟ್ಟಲೆ. ಪಾಸು ಕೈಯಲ್ಲಿದ್ದೂ ಹತ್ತಲು ಬಸ್ಸಿಲ್ಲದ ಈ ಸ್ಥಿತಿ ಯಾರೋ ಯೋಚಿಸಿ ತಂದದ್ದಲ್ಲ. ಹಕ್ಕನ್ನು ಕೊಟ್ಟವರು ಕೇಂದ್ರದವರು, ಬಿಲ್ಲು ಕಟ್ಟುವವರು ಕೌನ್ಸಿಲ್ಲಿನವರು, ಬಸ್ಸು ಓಡಿಸುವವರು ಕಂಪನಿಯವರು. ಮೂವರನ್ನೂ ಒಂದೇ ಲೆಕ್ಕಪುಸ್ತಕಕ್ಕೆ ತರುವ ವ್ಯವಸ್ಥೆ ಇರಲಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ರಚನೆಯೇ ಬೇರೆ: ಅದು ವಯಸ್ಸನ್ನು ನೋಡದೆ ರಾಜ್ಯದ ಮಹಿಳೆಯರಿಗೆಲ್ಲ ಅನ್ವಯಿಸುತ್ತದೆ, ಬಸ್ಸು ಓಡಿಸುವ ನಿಗಮಗಳು, ಶೂನ್ಯ ಟಿಕೆಟ್ಟಿನ ಹಣ ತುಂಬಿಕೊಡಬೇಕಾದ ಖಜಾನೆ ಎರಡೂ ರಾಜ್ಯ ಸರ್ಕಾರದವೇ.

ಉಳಿದ ಮೂರು ನಾಡುಗಳು

ವೇಲ್ಸ್ 2002ರಲ್ಲೇ 60 ದಾಟಿದವರಿಗೆಲ್ಲ ಉಚಿತ ಪ್ರಯಾಣ ಕೊಟ್ಟಿತು, ಬೆಳಗಿನ ಹೊತ್ತಿನ ನಿರ್ಬಂಧವೂ ಇಲ್ಲದೆ. ಸ್ಕಾಟ್ಲೆಂಡ್ 2006ರಿಂದ ನಾಡಿನಾದ್ಯಂತ ಒಂದೇ ಯೋಜನೆ ನಡೆಸುತ್ತಿದ್ದು, ಅಲ್ಲಿನ ಸರ್ಕಾರವೇ ಕಂಪನಿಗಳಿಗೆ ನೇರವಾಗಿ ಹಣ ಕೊಡುತ್ತದೆ. ಮರುಪಾವತಿ ಆರಂಭದಲ್ಲಿ ವಯಸ್ಕರ ಟಿಕೆಟ್ ದರದ ಶೇ. 73.6 ಇತ್ತು, ಚೌಕಾಸಿ ನಡೆದು ನಡೆದು ಶೇ. 60ಕ್ಕಿಂತ ಕೆಳಗಿಳಿಯಿತು. 2022ರ ಜನವರಿ 31ರಿಂದ 22 ವರ್ಷದೊಳಗಿನವರಿಗೂ ಅಲ್ಲಿ ಬಸ್ಸು ಉಚಿತ. ಉತ್ತರ ಐರ್ಲೆಂಡಿನಲ್ಲಿ 60 ಆದವರಿಗೆ 2008ರಿಂದ ಈ ಸೌಲಭ್ಯ ದೊರೆತಿದೆ.

ವಯಸ್ಸು ಮತ್ತು ಮುಂದಿನ ದಾರಿ

ಇಂಗ್ಲೆಂಡ್ ಪಾಸನ್ನು ಮುಟ್ಟದೆ ವೆಚ್ಚ ತಗ್ಗಿಸಿಕೊಂಡ ಉಪಾಯ ಸದ್ದಿಲ್ಲದ್ದು. 2010ರ ಏಪ್ರಿಲ್‌ನಲ್ಲಿ ಪಾಸಿನ ವಯೋಮಿತಿಯನ್ನು ಮಹಿಳೆಯರ ಸರ್ಕಾರಿ ಪಿಂಚಣಿಯ ವಯಸ್ಸಿಗೆ ಗಂಟು ಹಾಕಲಾಯಿತು. ಪಿಂಚಣಿಯ ವಯಸ್ಸು ಏರಿದಂತೆ ಪಾಸಿನ ವಯಸ್ಸೂ ತಾನಾಗಿ ಏರಿತು. 2018ರ ಕೊನೆಗೆ 65, 2020ರ ಅಕ್ಟೋಬರ್‌ನಲ್ಲಿ 66. ಮುಂದೆ 2026ರಿಂದ 2028ರೊಳಗೆ ಅದು 67 ಆಗಲಿದೆ. ಒಂದೇ ದೇಶದಲ್ಲಿ ಇದು ಎದ್ದು ಕಾಣುವ ಅಂತರ: ಲಂಡನ್ನಿನವರು 2012ರಿಂದ, ಲಿವರ್‌ಪೂಲ್ ಪ್ರದೇಶದವರು ಅದಕ್ಕೂ ಮೊದಲಿನಿಂದ 60ಕ್ಕೇ ಉಚಿತವಾಗಿ ಓಡಾಡುತ್ತಾರೆ, ಹಣ ಸ್ಥಳೀಯ ಮೂಲದ್ದು, ಉಳಿದ ಬಹುಪಾಲು ಇಂಗ್ಲೆಂಡಿನವರು ಇನ್ನೂ ಆರು ವರ್ಷ ಕಾಯಬೇಕು.

ಸಿರಿವಂತ ಪಿಂಚಣಿದಾರರಿಗೆ ಪಾಸೇಕೆ ಎಂಬ ಆಕ್ಷೇಪ ಮತ್ತೆ ಮತ್ತೆ ಬರುತ್ತದೆ. ತಲೆಮಾರುಗಳ ನಡುವಿನ ನ್ಯಾಯವನ್ನು ಪರಿಶೀಲಿಸಿದ ಹೌಸ್ ಆಫ್ ಲಾರ್ಡ್ಸ್ ಸಮಿತಿ, ಪಿಂಚಣಿ ವಯಸ್ಸು ತಲುಪಿ ಐದು ವರ್ಷವಾದ ಮೇಲೆ ಪಾಸು ಕೊಟ್ಟರೆ ಸಾಕು ಎಂದು 2019ರಲ್ಲಿ ಸಲಹೆ ಮಾಡಿತು. ಆದಾಯ ನೋಡಿ ಕೊಡಬೇಕೆನ್ನುವ ವಾದ ಕೇಳಲು ಚೆನ್ನ. ಆದರೆ ಬೆಂಜ್ ಕಾರಿನ ಒಡೆಯ ಪಾಸು ಇಟ್ಟುಕೊಂಡು ಬಸ್ಸು ಹತ್ತದಿದ್ದರೆ ಖಜಾನೆಗೆ ಪಾಸು ಅಚ್ಚು ಹಾಕಿಸಿದ ಕಾಸಷ್ಟೇ ಖರ್ಚು, ಏಕೆಂದರೆ ಹಣ ಸಲ್ಲುವುದು ಪ್ರತಿ ಪ್ರಯಾಣಕ್ಕೆ. ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆಯನ್ನು 2024ರಲ್ಲಿ ಬಡವರಿಗಷ್ಟೇ ಸೀಮಿತಗೊಳಿಸಿದ ಸರ್ಕಾರ ಎದ್ದ ಗದ್ದಲಕ್ಕೆ ಮಣಿದು ಮರುವರ್ಷ ಬಹುಮಟ್ಟಿಗೆ ಹಿಂದೆ ಸರಿಯಿತು. ಅದನ್ನು ಕಂಡ ಯಾವ ಪಕ್ಷವೂ ಬಸ್ ಪಾಸಿಗೆ ಕೈ ಹಾಕಲು ಅವಸರ ಮಾಡಲಾರದು. ಯೋಜನೆಯ ಪರವಾದ ಲೆಕ್ಕವೂ ಇದೆ: 2014ರಲ್ಲಿ ಕೆಪಿಎಂಜಿ ಸಂಸ್ಥೆ ತಯಾರಿಸಿದ ವರದಿ, ಖರ್ಚು ಮಾಡಿದ ಒಂದು ಪೌಂಡಿಗೆ ಕನಿಷ್ಠ 2.87 ಪೌಂಡಿನಷ್ಟು ಪ್ರಯೋಜನವಿದೆ ಎಂದಿತು. ವರದಿ ಮಾಡಿಸಿದ್ದು ಬಸ್ ಉದ್ಯಮದ ಬೆಂಬಲವಿದ್ದ ಪ್ರಚಾರ ಸಂಘಟನೆ ಎಂಬುದನ್ನು ಓದುವವರು ನೆನಪಿಡಬೇಕು. ಪಾಸು ಇರುವ ಹಿರಿಯರು ಹೆಚ್ಚು ನಡೆದಾಡುತ್ತಾರೆ ಎಂಬುದನ್ನು ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬೇರೆಯಾಗಿಯೇ ತೋರಿಸಿದ್ದಾರೆ.

ಹಿರಿಯರ ಬಸ್ ಪ್ರಯಾಣ ಕೋವಿಡ್ಡಿಗೆ ಮುಂಚೆಯೇ ಇಳಿಯುತ್ತಿತ್ತು. ವಯೋಮಿತಿ ಏರಿದ್ದು, ಮಾರ್ಗಗಳು ನಿಂತದ್ದು ಅದರ ಕಾರಣಗಳು. ಕಾರು ಓಡಿಸುತ್ತಲೇ ಬೆಳೆದ ತಲೆಮಾರು ಈಗ ಪಿಂಚಣಿಯ ವಯಸ್ಸಿಗೆ ಬಂದಿರುವುದೂ ಒಂದು. ಕೋವಿಡ್ಡಿನ ನಂತರ ಬಸ್ಸಿಗೆ ಮರಳುವಲ್ಲಿ ಇತರರಿಗಿಂತ ಹಿರಿಯರೇ ಹಿಂದೆ ಬಿದ್ದರು. ಇದರಿಂದ ಕೌನ್ಸಿಲ್ಲಿನ ಬಿಲ್ಲು ಇಳಿಯುತ್ತದೆ. ಹಳ್ಳಿಯ ಮಾರ್ಗಗಳಲ್ಲಿ ಹಗಲು ಹೊತ್ತಿನ ಸೀಟು ತುಂಬುವವರಲ್ಲಿ ಹಿರಿಯರ ಪಾಲು ದೊಡ್ಡದಾದ್ದರಿಂದ, ಅವರು ಕಡಿಮೆಯಾದಂತೆ ಕಂಪನಿಯ ವರಮಾನ ಕುಸಿದು ಆ ಬಸ್ಸೂ ನಿಲ್ಲುವ ಅಪಾಯ ಜೊತೆಗೇ ಬರುತ್ತದೆ. ಗ್ರೇಟರ್ ಮ್ಯಾಂಚೆಸ್ಟರ್ 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ತನ್ನ ಬಸ್ಸುಗಳನ್ನೆಲ್ಲ ಮತ್ತೆ ಸಾರ್ವಜನಿಕ ನಿಯಂತ್ರಣಕ್ಕೆ ತಂದುಕೊಂಡಿತು. ಅಲ್ಲಿ ಮಾರ್ಗ, ದರ, ವೇಳೆ ಗೊತ್ತು ಮಾಡುವುದೂ ಟಿಕೆಟ್ ಹಣ ಪಡೆಯುವುದೂ ಪ್ರಾಧಿಕಾರವೇ. ಕಂಪನಿಗಳು ಗುತ್ತಿಗೆಯ ಮೇಲೆ ಬಸ್ಸು ಓಡಿಸುತ್ತವೆ. ಹೀಗಿರುವಲ್ಲಿ ಪಾಸಿನ ಮರುಪಾವತಿಗಾಗಿ ಕಂಪನಿಯೊಂದಿಗೆ ಊಹೆಯ ಲೆಕ್ಕದ ಜಗಳವಿಲ್ಲ. 2025ರ ಬಸ್ ಸೇವೆಗಳ ಕಾಯಿದೆ ಇದೇ ದಾರಿಯನ್ನು ಇಂಗ್ಲೆಂಡಿನ ಇತರ ಸ್ಥಳೀಯ ಪ್ರಾಧಿಕಾರಗಳಿಗೂ ಸುಲಭ ಮಾಡಿದೆ.