ಬಾಡಿಗೆದಾರನಿಗೆ ಸ್ವಂತ ಸೂರು: ಎಚ್.ಟಿ. ಪಾರೇಖ್ ಮತ್ತು ಎಚ್‌ಡಿಎಫ್‌ಸಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವವನ ನೆರವಿಗಿದ್ದುದು ಆತನ ಉಳಿತಾಯ, ಮನೆಯಾಕೆಯ ಒಡವೆ ಹಾಗೂ ಬಂಧುಗಳಿಂದ ಪಡೆದ ಕೈಗಡ ಮಾತ್ರ. ನಗರದ ನೌಕರನು ಜೀವಮಾನವೆಲ್ಲ ಬಾಡಿಗೆ ತೆತ್ತು, ನಿವೃತ್ತಿಯ ವೇಳೆಗೆ ಬರುವ ಭವಿಷ್ಯನಿಧಿಯ ಹಣದಲ್ಲಿ ಸೂರು ಕಟ್ಟಿಕೊಳ್ಳುವುದು ವಾಡಿಕೆಯಾಗಿತ್ತು. ಈ ವಾಡಿಕೆಯನ್ನು ಬದಲಿಸಿದ ಸಂಸ್ಥೆಗಳಲ್ಲಿ ಮೊದಲ ಹೆಸರು ಹೌಸಿಂಗ್ ಡೆವಲಪ್‌ಮೆಂಟ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಎಚ್‌ಡಿಎಫ್‌ಸಿ. 1977ರ ಅಕ್ಟೋಬರ್ 17ರಂದು ಮುಂಬಯಿಯಲ್ಲಿ ಇದು ಸ್ಥಾಪನೆಯಾದಾಗ ಸ್ಥಾಪಕರಾದ ಹಸ್ಮುಖ್ ಠಾಕೋರ್‌ದಾಸ್ ಪಾರೇಖ್ ಅವರಿಗೆ 66 ವರ್ಷ ವಯಸ್ಸು.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮುಂಬಯಿಯಲ್ಲಿ ಬಾಡಿಗೆ ಮನೆಯೂ ಸುಲಭವಾಗಿ ದೊರೆಯುತ್ತಿರಲಿಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಹಳೆಯ ಬಾಡಿಗೆದಾರರಿಗೆ ಇದರಿಂದ ರಕ್ಷಣೆ ದೊರೆಯಿತಾದರೂ, ಬಾಡಿಗೆಗಾಗಿ ಹೊಸ ಕಟ್ಟಡ ಕಟ್ಟುವ ಉತ್ಸಾಹ ಕುಗ್ಗಿತು. ಮನೆ ಬದಲಿಸಬೇಕಾದವರು ‘ಪಗಡಿ’ ಎಂಬ ಮುಂಗಡವನ್ನು ದೊಡ್ಡ ಮೊತ್ತದಲ್ಲಿ ಕೊಡಬೇಕಾಗುತ್ತಿತ್ತು.

ಸಾಲದ ಬಾಗಿಲುಗಳೂ ಕಿರಿದಾಗಿದ್ದವು. ಜೀವ ವಿಮಾ ನಿಗಮವು ತನ್ನ ಪಾಲಿಸಿದಾರರಿಗೆ, ಸಹಕಾರ ಸಂಘಗಳು ತಮ್ಮ ಸದಸ್ಯರಿಗೆ, ಸರ್ಕಾರವು ತನ್ನ ನೌಕರರಿಗೆ ಸಾಲ ನೀಡುತ್ತಿದ್ದವು. 1970ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಹುಡ್ಕೊ ಮುಖ್ಯವಾಗಿ ಗೃಹಮಂಡಳಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಹಣ ಒದಗಿಸುತ್ತಿತ್ತು. ಖಾಸಗಿ ಕಂಪನಿಯ ಸಾಮಾನ್ಯ ಗುಮಾಸ್ತನಿಗೆ ಇವುಗಳಲ್ಲಿ ಸುಲಭದ ದಾರಿಯಿರಲಿಲ್ಲ.

ಸ್ಥಾಪಕ

1911ರಲ್ಲಿ ಸೂರತ್ತಿನಲ್ಲಿ ಜನಿಸಿದ ಪಾರೇಖ್, ಮುಂಬಯಿಯ ಚಾಳಿನ ಬದುಕನ್ನು ಸ್ವತಃ ಕಂಡವರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ವ್ಯಾಸಂಗ ಮುಗಿಸಿ ಮರಳಿದ ಅವರು, ಸುಮಾರು ಎರಡು ದಶಕಗಳ ಕಾಲ ಷೇರು ದಲ್ಲಾಳಿ ಸಂಸ್ಥೆಯೊಂದರಲ್ಲಿ ದುಡಿದರು. 1956ರಲ್ಲಿ ಐಸಿಐಸಿಐ ಸೇರಿ, ಕ್ರಮೇಣ ಅದರ ಅಧ್ಯಕ್ಷ ಸ್ಥಾನಕ್ಕೇರಿದರು. ಕೈಗಾರಿಕೆಗೆ ದೀರ್ಘಾವಧಿ ಸಾಲ ನೀಡುವ ಸಂಸ್ಥೆಯಲ್ಲಿ ಪಡೆದ ಅನುಭವವನ್ನು ನಿವೃತ್ತಿಯ ವಯಸ್ಸಿನಲ್ಲಿ ಮನೆಸಾಲಕ್ಕೆ ಅನ್ವಯಿಸಿದ್ದೇ ಅವರ ವಿಶೇಷ.

ಹೊಸ ಸಂಸ್ಥೆಗೆ ಸರ್ಕಾರದ ಬಂಡವಾಳ ದೊರೆಯಲಿಲ್ಲ. ಐಸಿಐಸಿಐ, ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತಾರಾಷ್ಟ್ರೀಯ ಹಣಕಾಸು ನಿಗಮ ಹಾಗೂ ಆಗಾ ಖಾನ್ ಇದರ ಬೆಂಬಲಕ್ಕೆ ನಿಂತರು. ಆರಂಭದ ಷೇರು ಬಂಡವಾಳ 10 ಕೋಟಿ ರೂ. ಆಗಿತ್ತು. 1978ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ನೀಡಲು ಮುಂದಾದಾಗ ಅವು ಪೂರ್ಣವಾಗಿ ಮಾರಾಟವಾಗಲಿಲ್ಲ. ಮನೆಸಾಲವೊಂದನ್ನೇ ನಂಬಿದ ಕಂಪನಿ ಬದುಕೀತೆಂಬ ವಿಶ್ವಾಸ ಹೂಡಿಕೆದಾರರಿಗೆ ಇರಲಿಲ್ಲ. ಅದೇ ವರ್ಷ ಪಾರೇಖ್ ಅವರ ಸಹೋದರನ ಕುಟುಂಬದ ದೀಪಕ್ ಪಾರೇಖ್ ಅವರು ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಹುದ್ದೆ ತ್ಯಜಿಸಿ, ಕಡಿಮೆ ವೇತನಕ್ಕೆ ಸಂಸ್ಥೆಯನ್ನು ಸೇರಿದರು.

ಸಂಬಳವೇ ಆಧಾರ

ಸಂಸ್ಥೆಯ ಮೊದಲ ಸಾಲ ಮುಂಬಯಿಯ ಮಲಾಡಿನ ಗ್ರಾಹಕರೊಬ್ಬರಿಗೆ ಸಂದಿತು. ಮನೆಯ ಬೆಲೆ 70,000 ರೂ.; ಸಾಲ 30,000 ರೂ. ಅರ್ಧಕ್ಕಿಂತ ಹೆಚ್ಚಿನ ಹಣವನ್ನು ಗ್ರಾಹಕರೇ ಹೊಂದಿಸಬೇಕಾಗಿದ್ದುದನ್ನು ಇದು ತೋರಿಸುತ್ತದೆ. ಆ ದಿನಗಳಲ್ಲಿ ಅಡಮಾನದ ಆಸ್ತಿಯನ್ನು ನ್ಯಾಯಾಲಯದ ಮೂಲಕ ವಶಪಡಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತಿದ್ದವು. ಬ್ಯಾಂಕುಗಳಿಗೆ ನ್ಯಾಯಾಲಯದ ಹೊರಗೆ ಆ ಅಧಿಕಾರ ನೀಡಿದ ಸರ್ಫೇಸಿ ಕಾಯ್ದೆ ಬಂದದ್ದು 2002ರಲ್ಲಿ. ಹೀಗಾಗಿ ಸಾಲಗಾರನನ್ನು ಆರಿಸುವುದೇ ಸಂಸ್ಥೆಯ ನಿಜವಾದ ಭದ್ರತೆಯಾಗಿತ್ತು. ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವನ್ನು ನಂಬಿ ಸಾಲ ಕೊಡುವ ಕ್ರಮ ಹೀಗೆ ಬೇರೂರಿತು. ಬಾಡಿಗೆಯನ್ನು ನಿಯಮಿತವಾಗಿ ಕಟ್ಟಬಲ್ಲವನು ಕಂತನ್ನೂ ಕಟ್ಟಬಲ್ಲನೆಂಬುದು ಇದರ ತಿರುಳು.

ಕಂತಿನ ಲೆಕ್ಕ

ಬಾಡಿಗೆಯ ಬದಲು ಕಂತು ಕಟ್ಟಿದರಾಯಿತೆಂಬ ಮಾತು ಪೂರ್ಣ ಸತ್ಯವಲ್ಲ. ಉದಾಹರಣೆಗೆ, 20 ಲಕ್ಷ ರೂ. ಸಾಲವನ್ನು ಶೇ. 9ರ ವಾರ್ಷಿಕ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 17,995 ರೂ. ಮೊದಲ ತಿಂಗಳ ಕಂತಿನಲ್ಲಿ 15,000 ರೂ. ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು 2,995 ರೂ. ಮಾತ್ರ. ಅವಧಿ ಮುಗಿಯುವಾಗ ಕಟ್ಟಿದ ಒಟ್ಟು ಹಣ ಸುಮಾರು 43.19 ಲಕ್ಷ ರೂ. ಇದೇ ಸಾಲವನ್ನು 15 ವರ್ಷಕ್ಕೆ ಇಳಿಸಿದರೆ ಕಂತು ಸುಮಾರು 20,285 ರೂ.ಗೆ ಏರುತ್ತದೆ, ಆದರೆ ಒಟ್ಟು ಬಡ್ಡಿಯಲ್ಲಿ 6.67 ಲಕ್ಷ ರೂ. ಉಳಿಯುತ್ತದೆ. ಆರಂಭದ ವರ್ಷಗಳಲ್ಲಿ ಅಸಲನ್ನು ಮುಂಚಿತವಾಗಿ ತೀರಿಸಿದಷ್ಟೂ ಲಾಭ ಹೆಚ್ಚೆಂಬುದಕ್ಕೆ ಕಾರಣ ಇದೇ.

ಇದರ ಮೇಲೆ ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ, ಆಸ್ತಿ ತೆರಿಗೆ ಹಾಗೂ ದುರಸ್ತಿಯ ವೆಚ್ಚವೂ ಸೇರುತ್ತವೆ. ಬಾಡಿಗೆದಾರನಿಗೆ ಇವು ಕಾಣುವುದಿಲ್ಲ. ಬದಲಾಗುವ ಬಡ್ಡಿದರದ ಸಾಲದಲ್ಲಿ ದರ ಏರಿದರೆ ಕಂತು ಹೆಚ್ಚುತ್ತದೆ, ಇಲ್ಲವೇ ಅವಧಿ ಬೆಳೆಯುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿತು.

ಕರ್ನಾಟಕದಲ್ಲಿ

ಎಚ್‌ಡಿಎಫ್‌ಸಿಯ ಯಶಸ್ಸು ಇತರರಿಗೂ ದಾರಿ ತೋರಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 1987ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ ಫಿನ್ ಹೋಮ್ಸ್ ಸಂಸ್ಥೆಯನ್ನು ಆರಂಭಿಸಿತು. ಅದರ ಪ್ರವರ್ತಕರಲ್ಲಿ ಎಚ್‌ಡಿಎಫ್‌ಸಿಯೂ ಒಂದಾಗಿತ್ತು. ಮರುವರ್ಷ, 1988ರಲ್ಲಿ, ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾಯಿತು. 1989ರಲ್ಲಿ ಜೀವ ವಿಮಾ ನಿಗಮವೂ ಪ್ರತ್ಯೇಕ ಗೃಹಸಾಲ ಕಂಪನಿ ತೆರೆಯಿತು.

ಉಳಿದ ಪ್ರಶ್ನೆ

ಪಾರೇಖ್ ಅವರಿಗೆ 1992ರಲ್ಲಿ ಪದ್ಮಭೂಷಣ ಸಂದಿತು. 1994ರಲ್ಲಿ ಅವರು ನಿಧನರಾದರು. ಅವರು ಕಟ್ಟಿದ ಸಂಸ್ಥೆ 2023ರ ಜುಲೈ 1ರಂದು, ತಾನೇ ಹುಟ್ಟುಹಾಕಿದ್ದ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಯಿತು. ನಿವೃತ್ತಿಯ ಹೊತ್ತಿಗೆ ಕಟ್ಟುತ್ತಿದ್ದ ಮನೆಯನ್ನು ನೌಕರನು ದುಡಿಮೆಯ ಆರಂಭದ ವರ್ಷಗಳಲ್ಲೇ ಹೊಂದುವಂತಾದುದು ಈ ಪ್ರಯತ್ನದ ದೊಡ್ಡ ಫಲ.

ಆದರೆ ಸಂಬಳವನ್ನು ಆಧಾರವಾಗಿಸಿಕೊಂಡ ಪದ್ಧತಿಗೆ ಅದರದೇ ಎಲ್ಲೆಯೂ ಇದೆ. ತರಕಾರಿ ಮಾರುವವರು, ದರ್ಜಿಗಳು, ಗಾರೆ ಕೆಲಸದವರು ಪ್ರತಿ ತಿಂಗಳೂ ತಪ್ಪದೆ ಬಾಡಿಗೆ ಕಟ್ಟುತ್ತಾರೆ. ಆದರೆ ಅವರ ಬಳಿ ಸಂಬಳದ ಚೀಟಿ ಇರುವುದಿಲ್ಲ. ಇಂಥವರ ಆದಾಯವನ್ನು ಅಂಗಡಿಗೆ, ಮನೆಗೆ ಹೋಗಿ ಅಂದಾಜಿಸಿ ಸಾಲ ನೀಡುವ ಸಣ್ಣ ಗೃಹಸಾಲ ಕಂಪನಿಗಳು ಬಂದಿವೆಯಾದರೂ, ಅವುಗಳ ಬಡ್ಡಿದರ ಸಾಮಾನ್ಯವಾಗಿ ಬ್ಯಾಂಕುಗಳಿಗಿಂತ ಹೆಚ್ಚು. ಈ ಕ್ಷೇತ್ರದಲ್ಲಿ ಹೊಸದಾಗಿ ಉದ್ಯಮ ಆರಂಭಿಸುವವರ ಮುಂದಿರುವುದೂ 1977ರಲ್ಲಿ ಪಾರೇಖ್ ಅವರ ಮುಂದಿದ್ದ ಪ್ರಶ್ನೆಯೇ: ಯಾರೂ ನಂಬದ ಬಾಡಿಗೆದಾರನನ್ನು ನಂಬುವ ಬಗೆ ಹೇಗೆ?