ಮಾತು ಕೊಟ್ಟವರು ಹಿಂದೆ ಸರಿದರೆ

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂಬ ಗಾದೆಯನ್ನು ನೀವು ಬಲ್ಲಿರಿ. ಒಂದು ಉದ್ಯಮವನ್ನೇ ಮಾರುತ್ತೇವೆಂದು ಒಪ್ಪಿದವರು ಹೆಚ್ಚಿನ ಬೆಲೆ ಕಂಡು ಹಿಂದೆ ಸರಿದರೆ ಕೊಳ್ಳಲು ಬಂದವರ ಗತಿಯೇನು? ಕಾನೂನಿನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಒಪ್ಪಿದಂತೆಯೇ ಮಾರಾಟವಾಗಲಿ ಎಂದು ನ್ಯಾಯಾಲಯವನ್ನು ಕೇಳುವುದು ಒಂದು. ನಷ್ಟಪರಿಹಾರ ಕೇಳುವುದು ಎರಡು. ಒಪ್ಪಂದ ಮುರಿಯಲು ಪ್ರೇರೇಪಿಸಿದ ಮೂರನೆಯವರ ಮೇಲೆ ದಾವೆ ಹೂಡುವುದು ಮೂರು. ಈ ಮೂರನೆಯ ದಾರಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ.

1984ರ ಜನವರಿ 3ರಂದು ಗೆಟ್ಟಿ ಆಯಿಲ್ ಕಂಪನಿಯ ನಿರ್ದೇಶಕರು ಪೆನ್ಜಾಯಿಲ್ ಕಂಪನಿಯೊಡನೆ ಆದ ವ್ಯವಹಾರಕ್ಕೆ ಮತ ಹಾಕಿದರು: ಪರವಾಗಿ 15, ವಿರುದ್ಧ 1. ಷೇರಿಗೆ 110 ಡಾಲರ್, ಮುಂದೆ ಇನ್ನೂ ಕನಿಷ್ಠ 5 ಡಾಲರ್. ಮರುದಿನ ಪತ್ರಿಕಾ ಪ್ರಕಟಣೆಯೂ ಹೊರಬಿತ್ತು. ಆದರೆ ಅಂತಿಮ ಕರಾರುಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಅಷ್ಟರಲ್ಲಿ ಟೆಕ್ಸಾಕೊ ಕಂಪನಿ 125 ಡಾಲರ್ ಮುಂದಿಟ್ಟಿತು. ಗೆಟ್ಟಿ ಅತ್ತ ವಾಲಿತು.

ಪೆನ್ಜಾಯಿಲ್ ಮೊದಲು ಡೆಲವೇರ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಿತು, ಸಿಗಲಿಲ್ಲ. ನಂತರ ಹ್ಯೂಸ್ಟನ್ನಿನಲ್ಲಿ ಟೆಕ್ಸಾಕೊ ಮೇಲೆಯೇ ದಾವೆ ಹೂಡಿತು. ಜ್ಯೂರಿಯ ಮುಂದಿದ್ದ ಮೂಲ ಪ್ರಶ್ನೆ ಒಂದೇ: ಸಹಿ ಇಲ್ಲದಿದ್ದರೂ ಬದ್ಧರಾಗುವ ಉದ್ದೇಶ ಎರಡೂ ಕಡೆಯವರಿಗೆ ಇತ್ತೇ? ಇತ್ತು ಎಂದಿತು ಜ್ಯೂರಿ.

ನಷ್ಟದ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಕೈತಪ್ಪಿದ ತೈಲ 100.8 ಕೋಟಿ ಬ್ಯಾರೆಲ್. ಹೊಸದಾಗಿ ಹುಡುಕಿ ತೆಗೆಯಲು ಬ್ಯಾರೆಲ್ಲಿಗೆ 10.87 ಡಾಲರ್, ಈ ವ್ಯವಹಾರದಲ್ಲಿ 3.40 ಡಾಲರಿಗೆ ದೊರೆಯುತ್ತಿತ್ತು. ವ್ಯತ್ಯಾಸವನ್ನು ಗುಣಿಸಿದರೆ ಸುಮಾರು 753 ಕೋಟಿ ಡಾಲರ್. ಇದರ ಮೇಲೆ ದಂಡರೂಪದ ಪರಿಹಾರ 300 ಕೋಟಿ. ಇದು 1985ರ ನವೆಂಬರಿನ ತೀರ್ಮಾನ. ಮೇಲ್ಮನವಿಯಲ್ಲಿ ದಂಡದ ಭಾಗ 100 ಕೋಟಿಗೆ ಇಳಿಯಿತು. ಆದರೂ 1987ರ ಏಪ್ರಿಲಿನಲ್ಲಿ ಟೆಕ್ಸಾಕೊ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಡಿಸೆಂಬರಿನಲ್ಲಿ 300 ಕೋಟಿ ಡಾಲರಿಗೆ ರಾಜಿಯಾಯಿತು.

ನಮ್ಮ ದೇಶದಲ್ಲಿ? 1872ರ ಕರಾರು ಕಾಯಿದೆಯ 73ನೇ ಕಲಮು ನಷ್ಟಪರಿಹಾರ ಕೊಡಿಸುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಮಾತ್ರ ಇಲ್ಲ. ಒಪ್ಪಿದ್ದನ್ನು ನಡೆಸಿಕೊಡುವಂತೆ ಆದೇಶಿಸುವುದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ತಿದ್ದುಪಡಿ ಅದನ್ನೇ ಸಾಮಾನ್ಯ ನಿಯಮವಾಗಿಸಿ, ಕೆಲವು ಸಂದರ್ಭಗಳನ್ನಷ್ಟೇ ಹೊರಗಿಟ್ಟಿತು. ಆದರೆ ತಾನು ಹಣ ಕೊಡಲು ಸದಾ ಸಿದ್ಧನಿದ್ದೆ ಎಂದು ಕೊಳ್ಳುವವನು ತೋರಿಸಲೇಬೇಕು.

ನ್ಯಾಯಾಲಯ ಸಹಿಯನ್ನಷ್ಟೇ ಅಲ್ಲ, ನಡತೆಯನ್ನೂ ಓದುತ್ತದೆ. ನಾಳೆ ನೀವು ವ್ಯವಹಾರಕ್ಕೆ ಇಳಿದಾಗ, ಮಾತುಕತೆ ಇನ್ನೂ ಮುಗಿದಿಲ್ಲವೆಂದರೆ ಅದನ್ನು ಸ್ಪಷ್ಟವಾಗಿ ಬರೆದಿಡಿ. ಮುಗಿದಿದ್ದರೆ, ಕೊಟ್ಟ ಮಾತಿಗೆ ಬೆಲೆಯಿದೆ ಎಂಬುದನ್ನು ನೆನಪಿಡಿ.