ಮೀಟರು ಹೇಳದ ಚರಿತ್ರೆ

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಹಾಸನದಿಂದ ಚಿಕ್ಕಪ್ಪ ಫೋನ್ ಮಾಡಿದರು. ಚೀಟಿ ಎತ್ತಿದ ಎರಡು ಲಕ್ಷ ಕೈಗೆ ಬಂದಿತ್ತು. ಅಜ್ಜಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ಸಾಕಾಗಿ ಒಂದು ಹಳೆಯ ಕಾರು ಕೊಳ್ಳಲು ಹೊರಟಿದ್ದರು. "ನೀನೂ ಬಾರೇ. ಹಳೇದನ್ನ ನೋಡಿ ಯಾವುದು ನಿಜ, ಯಾವುದು ಸುಳ್ಳು ಅಂತ ಹೇಳೋದೇ ನಿನ್ನ ಓದಲ್ವಾ?" ಅಂದರು. ನನಗೆ ಕಾರು ಓಡಿಸಲೂ ಬರುವುದಿಲ್ಲ. ನನ್ನ ಪಿಎಚ್‌ಡಿ ತಾಮ್ರಶಾಸನಗಳ ಮೇಲೆ. ಆದರೂ ಹೋದೆ.

ಮೊದಲು ನೋಡಿದ್ದು ವ್ಯಾಪಾರಿಯೊಬ್ಬರ ಬಳಿ ಇದ್ದ 2012ರ ಕಾರು. ಬಣ್ಣ ಫಳಫಳ ಹೊಳೆಯುತ್ತಿತ್ತು. ಮೀಟರಿನಲ್ಲಿ 41,000 ಕಿಲೋಮೀಟರ್. ಹನ್ನೆರಡು ವರ್ಷಕ್ಕೆ ಇಷ್ಟೇ ಓಡಿದೆಯಲ್ಲ ಎಂದು ಚಿಕ್ಕಪ್ಪ ಆಗಲೇ ಅರ್ಧ ಒಪ್ಪಿಬಿಟ್ಟಿದ್ದರು. ನನ್ನ ಕಣ್ಣು ಮಾತ್ರ ಬ್ರೇಕ್ ಪೆಡಲಿನ ರಬ್ಬರಿನ ಮೇಲೆ ನಿಂತಿತು. ಅದರ ಗೀರುಗಳೆಲ್ಲ ಸವೆದು ಒಂದು ಬದಿ ನುಣ್ಣಗಾಗಿತ್ತು.

ಶಾಸನ ಓದುವವರಿಗೆ 'ಕೂಟಶಾಸನ' ಎಂಬ ಮಾತು ಗೊತ್ತು. ಭೂಮಿಯ ಮೇಲೆ ಹಕ್ಕು ಸಾಧಿಸಲು ಹಿಂದಿನ ರಾಜನ ಹೆಸರಿನಲ್ಲಿ ಮುಂದಿನವರು ಸೃಷ್ಟಿಸಿಕೊಂಡ ಪಟ ಅದು. ಗಂಗರ ತಾಮ್ರಪಟಗಳಲ್ಲಿ ನಿಜವಾದವು ಎಷ್ಟು, ಕೂಟ ಎಷ್ಟು ಎಂಬುದರ ಬಗ್ಗೆ ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ಅವರ ನಡುವೆ ದೊಡ್ಡ ವಾದವೇ ನಡೆದಿತ್ತು. ಫ್ಲೀಟ್ ಬಹಳಷ್ಟನ್ನು ಕೂಟವೆಂದರು, ರೈಸ್ ಒಪ್ಪಲಿಲ್ಲ. ಯಾರು ಗೆದ್ದರು ಎನ್ನುವುದಕ್ಕಿಂತ ಇಂಥ ವಾದಗಳಿಂದ ಗಟ್ಟಿಯಾದ ಪರೀಕ್ಷೆಯ ಕ್ರಮ ನಮಗೆ ಮುಖ್ಯ. ಪಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಾಲವನ್ನು ಹಾಗೇ ನಂಬುವಂತಿಲ್ಲ. ಅಕ್ಷರದ ರೂಪ ಆ ಕಾಲದ್ದೇ? ತಿಥಿಗೂ ವಾರಕ್ಕೂ ಹೊಂದುತ್ತದೆಯೇ? ವಂಶಾವಳಿ ಬೇರೆ ಪಟಗಳಿಗೆ ತಾಳೆಯಾಗುತ್ತದೆಯೇ? ಸುಳ್ಳು ಬರೆಯುವವನು ಒಂದೆರಡು ಕಡೆ ಎಚ್ಚರವಾಗಿರುತ್ತಾನೆ, ಎಲ್ಲ ಕಡೆಯೂ ಇರಲಾರ.

ಕಾರಿನ ಮೀಟರೂ ಹೀಗೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸಾಕ್ಷಿ. ದೂರ ಎಣಿಸುವ ಯಂತ್ರದ ಕಲ್ಪನೆ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಅಂಥದೊಂದನ್ನು ವಿವರಿಸಿದ್ದಾನೆ: ಗಾಡಿಯ ಚಕ್ರ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲಿ, ಆಗ ಹಲ್ಲುಚಕ್ರಗಳು ಒಂದು ಕಲ್ಲನ್ನು ಕಂಚಿನ ಪಾತ್ರೆಗೆ ಬೀಳಿಸುತ್ತವೆ. ಸಂಜೆ ಕಲ್ಲುಗಳನ್ನು ಎಣಿಸಿದರೆ ಅಂದಿನ ದಾರಿಯ ಲೆಕ್ಕ ಸಿಗುತ್ತದೆ. ಕಲ್ಲುಗಳನ್ನು ಸದ್ದಿಲ್ಲದೆ ಎತ್ತಿಡಬಹುದು ಎಂಬ ಆಸೆ ಹುಟ್ಟುವುದು ಗಾಡಿಯನ್ನು ಮಾರುವಾಗ. ಅಮೆರಿಕದಲ್ಲಿ ಈ ಮೋಸ ಎಷ್ಟು ಹಬ್ಬಿತ್ತೆಂದರೆ 1972ರಲ್ಲಿ ಮೀಟರು ತಿರುಗಿಸುವುದನ್ನು ತಡೆಯಲು ಕೇಂದ್ರ ಕಾನೂನನ್ನೇ ತರಬೇಕಾಯಿತು. ಮುಳ್ಳು ಚಕ್ರಗಳ ಮೀಟರು ಹೋಗಿ ಡಿಜಿಟಲ್ ಬಂದ ಮೇಲೂ ಮೋಸ ನಿಲ್ಲಲಿಲ್ಲ; ಸ್ಕ್ರೂಡ್ರೈವರಿನ ಜಾಗಕ್ಕೆ ಲ್ಯಾಪ್‌ಟಾಪ್ ಬಂತು, ಅಷ್ಟೇ.

ಹಾಗಾಗಿ ನಾವು ಮೀಟರು ಬಿಟ್ಟು ಬೇರೆ ಸಾಕ್ಷಿಗಳ ಹಿಂದೆ ಹೋದೆವು. ಕಾರಿನ ಪ್ರತಿಯೊಂದು ಗಾಜಿನ ಮೂಲೆಯಲ್ಲಿ ಅದು ತಯಾರಾದ ವರ್ಷದ ಗುರುತು ಇರುತ್ತದೆ. ಈ ಕಾರಿನಲ್ಲಿ ಎಲ್ಲ ಗಾಜುಗಳೂ 2012ರವು, ಎಡಬದಿಯ ಎರಡು ಮಾತ್ರ 2017ರವು. ಅದೇ ಬದಿಯ ಬಾಗಿಲಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ತಾಗಿ ಬಣ್ಣ ಎದ್ದಿತ್ತು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ 2022ರವು, ಆಗಲೇ ಮುಕ್ಕಾಲು ಸವೆದಿದ್ದವು. ಸಾಮಾನ್ಯವಾಗಿ ಒಂದು ಸೆಟ್ ಟೈರು ನಲವತ್ತು ಐವತ್ತು ಸಾವಿರ ಕಿಲೋಮೀಟರ್ ಬರುತ್ತದೆ. 41,000ದ ಒಳಗೆ ಮೊದಲ ಸೆಟ್ಟು ತೀರಿ ಎರಡನೆಯದೂ ಮುಗಿಯುತ್ತ ಬಂದಿದ್ದು ಹೇಗೆ? ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ ಇತ್ತು. ಕ್ಲೇಮ್ ಮಾಡದಿದ್ದರೆ ಅದು 20ರಿಂದ ಶುರುವಾಗಿ ವರ್ಷಕ್ಕೊಂದು ಮೆಟ್ಟಿಲು ಹತ್ತಿ ಶೇ. 50ರವರೆಗೆ ಹೋಗುತ್ತದೆ. ಸೊನ್ನೆಯೊಂದೇ ಅಪಘಾತಕ್ಕೆ ಪುರಾವೆಯಲ್ಲ, ಪಾಲಿಸಿ ನಡುವೆ ತಪ್ಪಿದರೂ ಹೀಗಾಗುತ್ತದೆ. ಆದರೆ ಗಾಜು, ಬೋಲ್ಟು, ಪಾಲಿಸಿ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ತಣ್ಣಗಿದ್ದ ಎಂಜಿನ್ ಶುರು ಮಾಡಿದಾಗಲೇ ಅದರ ಕಾಯಿಲೆ ಗೊತ್ತಾಗುವುದು: ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ನಾವು ಬರುವ ಮುಂಚೆಯೇ ಯಾರೋ ಅದನ್ನು ಬಿಸಿ ಮಾಡಿಟ್ಟಿದ್ದರು. ಚಿಕ್ಕಪ್ಪ ಮಾತಿಲ್ಲದೆ ಎದ್ದು ಬಂದರು.

ಇಂಥ ಅನುಭವವೇ ಅರ್ಥಶಾಸ್ತ್ರದ ಪ್ರಸಿದ್ಧ ಪ್ರಬಂಧವೊಂದರ ವಸ್ತು. ಅಮೆರಿಕನ್ನರ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣು, ಅಂದರೆ 'ಲೆಮನ್' ಎನ್ನುತ್ತಾರೆ. ಜಾರ್ಜ್ ಅಕರ್ಲಾಫ್ ಆ ಹೆಸರಿನಲ್ಲೇ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದು 1967ರಲ್ಲಿ ಒಂದು ಪತ್ರಿಕೆಗೆ ಕಳಿಸಿದರು. ಮೊದಲ ತಿರಸ್ಕಾರದ ಪತ್ರ ಬಂದಾಗ ಅವರು ಭಾರತದಲ್ಲಿದ್ದರು. ಮೂರು ಪತ್ರಿಕೆಗಳು ಬೇಡವೆಂದ ಮೇಲೆ 1970ರಲ್ಲಿ ಅದು ಪ್ರಕಟವಾಯಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಗೃಹಿಣಿಯರು ಅಂಗಡಿಯ ಅಕ್ಕಿಯಲ್ಲಿ ಕಲ್ಲು ಆರಿಸುವುದೂ ಆ ಪ್ರಬಂಧದಲ್ಲಿ ಉದಾಹರಣೆಯಾಗಿ ಬರುತ್ತದೆ.

ಅವರ ವಾದ ಸರಳ. ಒಳ್ಳೆಯ ಕಾರು ಮೂರು ಲಕ್ಷ, ಕೆಟ್ಟದ್ದು ಒಂದು ಲಕ್ಷ ಬಾಳುತ್ತದೆ ಎಂದುಕೊಳ್ಳಿ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅವನು ಅಂದಾಜಿಗೆ ಎರಡು ಲಕ್ಷ ಎನ್ನುತ್ತಾನೆ. ಒಳ್ಳೆಯ ಕಾರಿನವನು ಆ ಬೆಲೆಗೆ ಒಪ್ಪದೆ ಮನೆಗೆ ಹೋಗುತ್ತಾನೆ, ಕೆಟ್ಟ ಕಾರಿನವನು ಖುಷಿಯಿಂದ ಉಳಿಯುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ನಿಂಬೆಹಣ್ಣುಗಳೇ ತುಂಬಿಕೊಳ್ಳುತ್ತವೆ. ಮೋಸದಿಂದ ನಷ್ಟವಾಗುವುದು ಮೋಸಹೋದವನಿಗೆ ಮಾತ್ರವಲ್ಲ, ನಂಬಿಸಲಾಗದ ಪ್ರಾಮಾಣಿಕನಿಗೂ.

ಲೈಸೆನ್ಸ್ ಕಾಲದ ನಮ್ಮ ರಸ್ತೆಗಳಲ್ಲಿ ಈ ಕಷ್ಟ ಬೇರೆ ರೀತಿ ಇತ್ತು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದರಿಂದ ಹಳೆಯದಕ್ಕೂ ಭಾರಿ ಬೆಲೆ. ಆದರೆ ಇದ್ದದ್ದು ಅಂಬಾಸಿಡರ್, ಫಿಯಟ್‌ನಂಥ ಎರಡು ಮೂರೇ ಬಗೆ. ಐವತ್ತರ ದಶಕದಲ್ಲಿ ಹುಟ್ಟಿದ ಅಂಬಾಸಿಡರ್ 2014ರವರೆಗೆ ಹೆಚ್ಚು ಬದಲಾಗದೆ ತಯಾರಾಯಿತು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕಿಗೂ ಅದರ ಒಂದೊಂದು ಸದ್ದು ಪರಿಚಯ. ಅಂದರೆ ಕಾರಿನ ಬಗೆಗಿನ ತಿಳಿವಳಿಕೆ ಊರಿನವರ ಸ್ವತ್ತಾಗಿತ್ತು. 1983ರ ಕೊನೆಗೆ ಮಾರುತಿ 800 ಬಂತು, ತೊಂಬತ್ತರ ದಶಕದ ಮೇಲೆ ಹತ್ತಾರು ಕಂಪನಿಗಳು ಬಂದವು. ಆಯ್ಕೆ ಹೆಚ್ಚಿತು, ಕಿವಿಯ ವಿದ್ಯೆ ಸಾಲದಾಯಿತು. ಆ ಜಾಗವನ್ನು ಈಗ ದಾಖಲೆಗಳು ತುಂಬಬೇಕು: ಆರ್‌ಸಿಯಲ್ಲಿ ಎಷ್ಟನೆಯ ಮಾಲೀಕ, ಬ್ಯಾಂಕ್ ಸಾಲ ತೀರಿದೆಯೇ, ಚಾಸಿ ನಂಬರು ಕಾರಿನ ಮೇಲೆ ಕೊರೆದಿರುವುದಕ್ಕೆ ಹೊಂದುತ್ತದೆಯೇ, ಹದಿನೈದು ವರ್ಷದ ನೋಂದಣಿಯಲ್ಲಿ ಉಳಿದದ್ದೆಷ್ಟು, ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿಲೋಮೀಟರ್ ಎಷ್ಟು.

ಎರಡು ವಾರದ ಮೇಲೆ ಅರಸೀಕೆರೆಯ ಹತ್ತಿರ ನಿವೃತ್ತ ಮೇಷ್ಟ್ರೊಬ್ಬರ ಕಾರು ನೋಡಿದೆವು. 2013ರದು, ಒಬ್ಬರೇ ಮಾಲೀಕರು, ಮೀಟರಿನಲ್ಲಿ 1,08,000. ಬಂಪರಿನಲ್ಲಿ ಗೀರು, ಸೀಟಿನ ಬಟ್ಟೆ ಮಾಸಿತ್ತು. ಮೇಷ್ಟ್ರು ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಕಿಲೋಮೀಟರ್, ಆಯಿಲ್ ಬದಲಿಸಿದ್ದು, ಬ್ಯಾಟರಿ ಹಾಕಿಸಿದ್ದು, ಎಲ್ಲವೂ ಹನ್ನೊಂದು ವರ್ಷದ ಬೇರೆ ಬೇರೆ ಶಾಯಿಗಳಲ್ಲಿ. ಸರ್ವಿಸ್ ಬಿಲ್ಲುಗಳ ಅಂಕಿಗಳೊಂದಿಗೆ ತಾಳೆ ನೋಡಿದೆ. ಒಂದೂ ತಪ್ಪಲಿಲ್ಲ.

"ನಾಲ್ಕು ತಿಂಗಳಿಂದ ಜನ ಬರ್ತಾರಮ್ಮ, ಮೀಟರ್ ನೋಡ್ತಾರೆ, ಹೋಗ್ತಾರೆ. ಐವತ್ತು ಸಾವಿರಕ್ಕೆ ಇಳಿಸ್ಕೊಡ್ತೀನಿ, ಬೇಗ ಹೋಗುತ್ತೆ ಅಂತ ಒಬ್ಬ ಬಂದಿದ್ದ. ಬೇಡ ಅಂದೆ" ಎಂದರು ಮೇಷ್ಟ್ರು. ಅಕರ್ಲಾಫ್ ಹೇಳಿದ, ಮನೆಗೆ ಹಿಂತಿರುಗುವ ಮಾರಾಟಗಾರ ನನ್ನೆದುರು ಕಾಫಿ ಹಿಡಿದು ಕೂತಿದ್ದರು. ಮೀಟರಿನ ಅಂಕಿ ನೋಡಿ ವಾಪಸಾದವರಲ್ಲಿ, ಎರಡು ವಾರದ ಹಿಂದಾಗಿದ್ದರೆ, ನಾವೂ ಸೇರುತ್ತಿದ್ದೆವು.

ಚಿಕ್ಕಪ್ಪನ ಪರಿಚಯದ ಮೆಕ್ಯಾನಿಕ್ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಶುರು ಮಾಡಿ ನೋಡಿದರು. ಕ್ಲಚ್ ಬದಲಿಸಬೇಕು, ಬೇರೆ ತೊಂದರೆ ಕಾಣುವುದಿಲ್ಲ ಎಂದರು. ಅದರ ಖರ್ಚು ಕಳೆದು 1,55,000ಕ್ಕೆ ಮಾತಾಯಿತು. ಹಾಸನಕ್ಕೆ ತಂದ ದಿನ ಚಿಕ್ಕಮ್ಮ ಪೂಜೆ ಮಾಡಿ ನಾಲ್ಕೂ ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ಆ ನೋಟ್‌ಬುಕ್ ಈಗಲೂ ಕಾರಿನಲ್ಲೇ ಇದೆ. ಮುಂದಿನ ಪುಟಗಳನ್ನು ಚಿಕ್ಕಪ್ಪ ಬರೆಯುತ್ತಿದ್ದಾರೆ.